ಎಳೆಯ ಮಕ್ಕಳ ಆಸ್ತಿಗೆ ಯಾರು ಕಾವಲು?



ಮಗುವಿನ ಜ್ಞಾನಸ್ನಾನಕ್ಕೆ ಜ್ಞಾನ ತಂದೆತಾಯಿಯಾಗಿ ಯಾರು ನಿಲ್ಲಬೇಕೆಂದು ನಾವು ವಾರಗಟ್ಟಲೆ ಯೋಚಿಸುತ್ತೇವೆ. ನಾಳೆ ನಾವಿಲ್ಲದಿದ್ದರೆ ಆ ಮಗುವಿನ ಮನೆ, ಜಮೀನಿಗೆ ಯಾರು ನಿಲ್ಲುತ್ತಾರೆಂದು ಎಂದಾದರೂ ಯೋಚಿಸಿದ್ದೇವೆಯೇ?

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಮನೆಯೂ ಅಡಿಕೆ ತೋಟವೂ ಗಂಡನ ಹೆಸರಿನಲ್ಲಿವೆ. ಉಯಿಲು ಬರೆಯದೆ ಆತ ತೀರಿಕೊಂಡ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಕ್ರೈಸ್ತ ವಿಧವೆಗೆ ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ಮಕ್ಕಳಿಗೆ ಸಮನಾಗಿ. ಹಂಚಿಕೆಯಲ್ಲಿ ಅನ್ಯಾಯವಿಲ್ಲ. ಆದರೆ ಮಗಳ ಓದಿಗಾಗಿ ತೋಟದ ಒಂದು ಭಾಗವನ್ನು ಮಾರಲು ತಾಯಿ ಹೊರಟರೆ, ಮಕ್ಕಳ ಪಾಲಿಗೆ ಅವಳ ಸಹಿಯೊಂದೇ ಸಾಲದು ಎನ್ನುತ್ತಾರೆ. ನ್ಯಾಯಾಲಯಕ್ಕೆ ಅರ್ಜಿ ಹಾಕಿ ಪೋಷಕಳಾಗಿ ನೇಮಕಗೊಳ್ಳಬೇಕು. ಮಾರುವುದಕ್ಕೆ ಬೇರೆ ಅನುಮತಿ ಪಡೆಯಬೇಕು. ಅಷ್ಟರಲ್ಲಿ ಶಾಲೆಯ ಶುಲ್ಕದ ದಿನ ಕಾಯುವುದಿಲ್ಲ.

ಇದಕ್ಕೊಂದು ದಾರಿ ಟ್ರಸ್ಟ್. ಇದು ಶ್ರೀಮಂತರಿಗೆ ಮಾತ್ರ ಎಂದು ತಿಳಿಯಬೇಡಿ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯಡಿ ಸಾಮಾನ್ಯ ಕುಟುಂಬವೂ ಖಾಸಗಿ ಟ್ರಸ್ಟ್ ಮಾಡಬಹುದು. ಆಸ್ತಿ ಟ್ರಸ್ಟಿಯ ಹೆಸರಿನಲ್ಲಿರುತ್ತದೆ. ಅದರ ಫಲವೆಲ್ಲ ಮಕ್ಕಳದು. ಬಾಲಕನಾದ ವಾರಸುದಾರನು ತಂದೆ ಗೊತ್ತುಮಾಡಿದ ಕಾಲದವರೆಗೆ ಪಾಲಕರ ಕೈಕೆಳಗಿರುವ ರೂಢಿಯನ್ನು ಸಂತ ಪೌಲರೂ ಗಲಾತ್ಯರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ನೆನಪಿಸುತ್ತಾರೆ.

ಟ್ರಸ್ಟ್ ಮಾಡುವ ಬಗೆ ಎರಡು:

1. ಬದುಕಿರುವಾಗಲೇ ಟ್ರಸ್ಟ್ ಪತ್ರ ಮಾಡುವುದು. ಮನೆ, ಜಮೀನಾದರೆ ಪತ್ರ ಲಿಖಿತವಾಗಿರಬೇಕು, ನೋಂದಣಿಯಾಗಬೇಕು. ಮುದ್ರಾಂಕ ಶುಲ್ಕವೂ ಇದೆ. ರದ್ದುಮಾಡುವ ಹಕ್ಕನ್ನು ಪತ್ರದಲ್ಲೇ ಉಳಿಸಿಕೊಳ್ಳದಿದ್ದರೆ, ಮುಂದೆ ಮನಸ್ಸು ಬದಲಾಯಿತೆಂದು ಹಿಂತೆಗೆಯಲಾಗದು.

2. ಉಯಿಲಿನ ಮೂಲಕ ಮಾಡುವುದು. ಇದು ನಮ್ಮ ಮರಣಾನಂತರ ಜಾರಿಗೆ ಬರುತ್ತದೆ, ಅಲ್ಲಿಯವರೆಗೆ ಬದಲಾಯಿಸಬಹುದು. ಇಬ್ಬರು ಸಾಕ್ಷಿಗಳು ಬೇಕು. ಆಸ್ತಿಯಲ್ಲಿ ಪಾಲು ಪಡೆಯುವವರನ್ನಾಗಲಿ ಅವರ ಗಂಡ, ಹೆಂಡತಿಯನ್ನಾಗಲಿ ಸಾಕ್ಷಿ ಮಾಡಬೇಡಿ. ಮಾಡಿದರೆ ಅವರಿಗೆ ಬರೆದ ಪಾಲು ನಿಲ್ಲುವುದಿಲ್ಲ. ಇನ್ನೊಂದು ಮಾತು: ಸಂಗಾತಿಯನ್ನು ಕಳೆದುಕೊಂಡವರು ಮರುಮದುವೆಯಾದರೆ ಅವರ ಹಿಂದಿನ ಉಯಿಲು ತಾನಾಗಿಯೇ ರದ್ದಾಗುತ್ತದೆ. ಮದುವೆಯ ಸಡಗರದಲ್ಲಿ ಮೊದಲಿನ ಮಕ್ಕಳನ್ನು ಮರೆಯದೆ, ಹೊಸದಾಗಿ ಬರೆಯಿರಿ.

ಪತ್ರದಲ್ಲಿ ಆಸ್ತಿಯ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ, ಮಕ್ಕಳ ಹೆಸರು, ಟ್ರಸ್ಟಿನ ಉದ್ದೇಶ ಸ್ಪಷ್ಟವಾಗಿರಲಿ. ಅಗತ್ಯಬಿದ್ದರೆ ಮಾರುವ ಅಧಿಕಾರವನ್ನೂ ಬರೆಯಿರಿ. ಹೀಗೆ ಬರೆದಿದ್ದರೆ ಆ ತಾಯಿ ಟ್ರಸ್ಟಿಯಾಗಿ ತಾನೇ ವ್ಯವಹಾರ ಮುಗಿಸಬಹುದಿತ್ತು.

ಎಲ್ಲಕ್ಕಿಂತ ಮುಖ್ಯವಾದುದು ಟ್ರಸ್ಟಿಯ ಆಯ್ಕೆ. ಟ್ರಸ್ಟಿ ಆ ಆಸ್ತಿಯಿಂದ ಸ್ವಂತ ಲಾಭ ಮಾಡುವಂತಿಲ್ಲ. ಲೆಕ್ಕ ಇಡಬೇಕು, ಕೇಳಿದಾಗ ತೋರಿಸಬೇಕು. ಪತ್ರದಲ್ಲಿ ಹೇಳದಿದ್ದರೆ ಸಂಬಳದ ಹಕ್ಕಿಲ್ಲ. ಒಮ್ಮೆ ಒಪ್ಪಿಕೊಂಡರೆ ಬೇಕೆಂದಾಗ ಕೈತೊಳೆದುಕೊಳ್ಳಲಾಗದು. ಆದ್ದರಿಂದ ಹಿರಿಯಣ್ಣ ಬೇಸರಪಟ್ಟುಕೊಳ್ಳುತ್ತಾನೆಂದು ಅವನ ಹೆಸರು ಬರೆಯಬೇಡಿ. ಲೆಕ್ಕ ಚೊಕ್ಕವಾಗಿರುವವರನ್ನು ಹುಡುಕಿರಿ. ತಾಯಿಯ ಜೊತೆಗೆ ಇನ್ನೊಬ್ಬರಿದ್ದರೆ ಒಳ್ಳೆಯದು. ಅವರು ತೀರಿಕೊಂಡರೆ ಮುಂದೆ ಯಾರು ಎಂಬುದನ್ನೂ ಸೇರಿಸಿರಿ.

ಇಂದು ರಾತ್ರಿ ಜಪಸರ ಮುಗಿದ ಮೇಲೆ ಗಂಡಹೆಂಡಿರಿಬ್ಬರೂ ಕುಳಿತು ಒಂದೇ ಪ್ರಶ್ನೆ ಕೇಳಿಕೊಳ್ಳಿ: “ನಾವಿಬ್ಬರೂ ಇಲ್ಲದಿದ್ದರೆ, ಯಾರು?” ಹೆಸರು ಹೊಳೆದರೆ ಮೊದಲು ಅವರ ಒಪ್ಪಿಗೆ ಕೇಳಿರಿ, ಆಮೇಲೆ ವಕೀಲರನ್ನು ಕಾಣಿರಿ. ಮಕ್ಕಳ ಮೇಲಿನ ಪ್ರೀತಿ ಮನಸ್ಸಿನಲ್ಲಿದ್ದರೆ ಸಾಲದು, ಕಾಗದದಲ್ಲೂ ಇರಲಿ.