ಲೈಸೆನ್ಸ್ ಮೇಲಿನ ತಪ್ಪು ಎಷ್ಟು ಕಾಲ?

ನಂಜನಗೂಡಿನಿಂದ ಟಿ. ನರಸೀಪುರದ ಪ್ರೌಢಶಾಲೆಯೊಂದಕ್ಕೆ ಅಭ್ಯಾಸ ಬೋಧನೆಗೆ ಹೋಗಿದ್ದೆ. ಒಂಬತ್ತನೇ ತರಗತಿ, ರಸ್ತೆ ಸುರಕ್ಷತೆಯ ಪಾಠ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡದ ಜೊತೆಗೆ 3 ತಿಂಗಳು ಲೈಸೆನ್ಸ್ ಅನರ್ಹ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಮಕ್ಕಳು ಆಕಳಿಸಿದರು. ತಪ್ಪು ನನ್ನದೇ, ಲೈಸೆನ್ಸೇ ಇಲ್ಲದವರಿಗೆ ಅದು ಹೋಗುವ ಭಯವೆಲ್ಲಿ?

ಮರುದಿನ ಪಾಠಯೋಜನೆ ಬದಲಿಸಿದೆ. “ಅಪ್ಪನ ಸ್ಕೂಟರ್ ಓಡಿಸಿದವರು ಯಾರ್‍ಯಾರು?” ಹನ್ನೊಂದು ಕೈ ಎದ್ದವು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ ಸೆಕ್ಷನ್ 199ಎ ವಿವರಿಸಿದೆ: ಅಪ್ರಾಪ್ತರು ಅಪರಾಧ ಮಾಡಿದರೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ, ಎಲ್‌ಎಲ್ ಕೂಡ ಇಲ್ಲ, ವಾಹನದ ನೋಂದಣಿ 12 ತಿಂಗಳು ರದ್ದು.

“18ಕ್ಕೆ ಸಿಗಬೇಕಾದ್ದು 25ಕ್ಕೆ. ಎಷ್ಟು ವರ್ಷ ಹೋಯ್ತು?”

“ಏಳು, ಮಿಸ್!”

ಹಿಂದಿನ ಬೆಂಚಿನ ಹುಡುಗ ಎದ್ದ. “ಜೈಲು ನಂಗಾ, ಅಪ್ಪಂಗಾ?”

ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ತಮಗೆ ಗೊತ್ತಿಲ್ಲದೆ ನಡೆಯಿತೆಂದು ಸಾಬೀತುಪಡಿಸಿದರೆ ಬಿಡುಗಡೆ ಎಂದೆ.

“ಅಪ್ಪಂಗೆ ಗೊತ್ತು ಮಿಸ್. ಗೊಬ್ಬರ ತರಕ್ಕೆ ಅವ್ರೇ ಕಳ್ಸೋದು.”

ನನ್ನ ಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮಾರ್ಗದರ್ಶಿ ಶಿಕ್ಷಕರು ಆ ನಿಯಮವನ್ನು ನೋಟ್‌ಬುಕ್ಕಿನಲ್ಲಿ ಬರೆಸಿ, ಪೋಷಕರ ಸಹಿ ಹಾಕಿಸಿಕೊಂಡು ಬನ್ನಿ ಎಂದರು. ಆ ಹುಡುಗನ ಪುಸ್ತಕ ಮೂರನೇ ದಿನ ಬಂತು, ಸಹಿಯೊಂದಿಗೆ.