ಕೌದಿಗೆ ಗೆರೆ ಹಾಕಲು ಯಾವ ಸಾಧನ ಒಳಿತು?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಕೌದಿ ಇಲ್ಲದ ಒಕ್ಕಲು ಮನೆ ಅಪರೂಪ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಕುಬಸ, ಅಂಗಿ, ಲಂಗದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಅಂಚಿಗೆ ಕೈಹೊಲಿಗೆ ಹಾಕಿದರೆ ಕೌದಿ ಸಿದ್ಧವಾಗುತ್ತದೆ. ಸುಗ್ಗಿ ಮುಗಿದು ಹೊಲದ ಕೆಲಸ ಹಗುರಾದ ಮೇಲೆ ಪಡಸಾಲೆಯಲ್ಲಿ ಹೆಂಗಸರು ಇದನ್ನು ಹರಡಿಕೊಂಡು ಕೂಡುವುದು ವಾಡಿಕೆ.

ನಮ್ಮ ಅಜ್ಜಿಯರು ಕೌದಿಗೆ ಗೆರೆ ಹಾಕಿಕೊಂಡು ಹೊಲಿದವರಲ್ಲ. ಹಿಂದಿನ ಸಾಲಿನಿಂದ ಒಂದು ಬೆರಳು ಬಿಟ್ಟು ಮುಂದಿನ ಸಾಲು ಹಿಡಿಯುತ್ತಿದ್ದರು. ಬೆರಳೇ ಅವರ ಅಳತೆಪಟ್ಟಿ. ಹಾನಗಲ್ಲ, ಶಿಗ್ಗಾಂವಿಗಳಿಗೆ ಹೊಂದಿಕೊಂಡ ಮುಂಡಗೋಡ ತಾಲೂಕಿನ ಹಾಗೂ ಅದರಾಚೆಯ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಹಿಳೆಯರು ಇಂದಿಗೂ ಮೂಲೆಯಿಂದ ಹಿಡಿದು ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಅವರಿಗೂ ಗೆರೆಯ ಹಂಗಿಲ್ಲ. ಧಾರವಾಡ ಸೀಮೆಯ ಕಸೂತಿಯನ್ನು ಬಟ್ಟೆಯ ಎಳೆ ಎಣಿಸಿಯೇ ಹಾಕುತ್ತಾರೆ. ಗೆರೆ ಬರೆದು ಹಾಕಿದ್ದು ಕಸೂತಿಯೇ ಅಲ್ಲ ಎನ್ನುವವರಿದ್ದಾರೆ.

ಹಾಗಾದರೆ ಗೆರೆಯ ಪ್ರಶ್ನೆ ಏಕೆ ಬಂತು? ಇಂದು ಸ್ವಸಹಾಯ ಸಂಘದ ಸದಸ್ಯೆಯರು ಕೌದಿಯನ್ನು ಮನೆಗಷ್ಟೇ ಅಲ್ಲದೆ ಮಾರಾಟಕ್ಕೂ ಹೊಲಿಯುತ್ತಿದ್ದಾರೆ. ಕೊಳ್ಳುವವರು ಕಮಲ, ನವಿಲು, ಬಳ್ಳಿ ಕೇಳುತ್ತಾರೆ. ಒಂದೇ ನಮೂನೆಯ ನಾಲ್ಕು ಕೌದಿ ಕೇಳುತ್ತಾರೆ. ಮೂವರು ಕೂಡಿ ಒಂದು ಕೌದಿ ಹೊಲಿದಾಗ ಮೂವರ ಬೆರಳೂ ಒಂದೇ ದಪ್ಪ ಇರುವುದಿಲ್ಲ. ಆಗ ಗೆರೆ ಬೇಕಾಗುತ್ತದೆ. ಆದರೆ ಹೊಲಿಗೆ ಮುಗಿದ ಮೇಲೆ ಆ ಗೆರೆ ಹೋಗಲೇಬೇಕು. ಇಲ್ಲಿಯೇ ನಷ್ಟವಾಗುವುದು.

ನಷ್ಟ ಎಷ್ಟೆಂದು ಲೆಕ್ಕ ಹಾಕಿ ನೋಡಬಹುದು. ೭ ಅಡಿ ಉದ್ದ, ೫ ಅಡಿ ಅಗಲದ ಕೌದಿಗೆ ಅರ್ಧ ಇಂಚಿಗೊಂದು ಸಾಲಿನಂತೆ ಉದ್ದಕ್ಕೆ ಹೊಲಿದರೆ ೧೨೦ ಸಾಲುಗಳಾಗುತ್ತವೆ. ಅಂದರೆ ೮೪೦ ಅಡಿ, ಸುಮಾರು ೨೫೬ ಮೀಟರ್ ಕೈಹೊಲಿಗೆ. ವಾರಗಟ್ಟಲೆ ಕೂತು ಇಷ್ಟನ್ನೂ ಹೊಲಿದ ಮೇಲೆ ನೀಲಿ ಗೆರೆಯೊಂದು ಅಳಿಯದೆ ಉಳಿದರೆ ಕೊಳ್ಳುವವರು ಬೆಲೆ ಇಳಿಸುತ್ತಾರೆ, ಇಲ್ಲವೇ ಬೇಡವೆನ್ನುತ್ತಾರೆ. ತೀರಿಹೋದ ತಾಯಿಯ ಸೀರೆಯಿಂದ ಮಗಳಿಗೆಂದು ಹೊಲಿದ ಕೌದಿಯಾದರೆ ಬೆಲೆಯ ಮಾತೇ ಬರುವುದಿಲ್ಲ. ಆ ಸೀರೆ ಮತ್ತೆ ಸಿಗುವಂಥದಲ್ಲ.

ಮೊದಲು ಬಟ್ಟೆ ನೋಡಬೇಕು

ಕೌದಿಗೆ ಉಳಿದ ಹೊಲಿಗೆಗಳಿಗಿಲ್ಲದ ತೊಡಕೊಂದಿದೆ. ಅದರ ಮೈಮೇಲೆ ಒಂದೇ ಬಟ್ಟೆ ಇರುವುದಿಲ್ಲ. ಇಳಕಲ್ಲ ಸೀರೆಯ ತುಂಡಿನ ಪಕ್ಕದಲ್ಲಿ ಪಾಲಿಯೆಸ್ಟರ್, ಅದರ ಪಕ್ಕದಲ್ಲಿ ಬಿಳಿ ಧೋತರ ಇರುತ್ತದೆ. ಒಂದರಲ್ಲಿ ನೀರಿಗೇ ಹೋಗುವ ಗೆರೆ ಮತ್ತೊಂದರಲ್ಲಿ ಕೂತುಬಿಡಬಹುದು. ಆದ್ದರಿಂದ ಪ್ರತಿಯೊಂದು ಬಗೆಯ ಬಟ್ಟೆಯ ಅಂಗೈಯಗಲದ ತುಂಡನ್ನು ತೆಗೆದಿಟ್ಟು, ಬಳಸಬೇಕೆಂದಿರುವ ಸಾಧನದಿಂದ ಅದರ ಮೇಲೆ ಗೆರೆ ಎಳೆಯಬೇಕು. ಎಳೆದ ಕೂಡಲೇ ತೊಳೆದು ನೋಡಿ ಸಮಾಧಾನಪಟ್ಟರೆ ಸಾಲದು. ಕೌದಿ ಮುಗಿಯಲು ಇಪ್ಪತ್ತು ದಿನ ಹಿಡಿಯುವುದಾದರೆ ಆ ತುಂಡೂ ಇಪ್ಪತ್ತು ದಿನ ಹಾಗೆಯೇ ಇರಬೇಕು. ಆಮೇಲೆ ತಣ್ಣೀರಿನಲ್ಲಿ ಜಾಲಾಡಿ, ನೆರಳಿನಲ್ಲಿ ಒಣಗಿಸಿ, ಬೆಳಕಿಗೆ ಹಿಡಿದು ನೋಡಬೇಕು. ಇಷ್ಟು ದಿನ ಕಾಯಲಾಗದಿದ್ದರೆ ಒಂದು ವಾರವಾದರೂ ಕಾಯುವುದು ಲೇಸು.

ಮನೆಯಲ್ಲೇ ಸಿಗುವವು

ಬಣ್ಣವೇ ಇಲ್ಲದ ಗೆರೆ ಎಲ್ಲಕ್ಕಿಂತ ಸುರಕ್ಷಿತ. ಚಮಚದ ಹಿಡಿಕೆಯಿಂದಲೋ ಮೊಂಡು ಸೂಜಿಯ ಬೆನ್ನಿನಿಂದಲೋ ಪಟ್ಟಿಯ ಗುಂಟ ಒತ್ತಿ ಎಳೆದರೆ ಹತ್ತಿ ಬಟ್ಟೆಯ ಮೇಲೆ ಮಡಿಕೆಯಂಥ ಗುರುತು ಮೂಡುತ್ತದೆ. ಒಂದೆರಡು ಸಾಲು ಹೊಲಿಯುವವರೆಗೆ ಅದು ಸಾಕು. ಪಾಲಿಯೆಸ್ಟರ್ ಮೇಲೆ ಮಾತ್ರ ಈ ಗುರುತು ನಿಲ್ಲುವುದಿಲ್ಲ.

ತೆಳ್ಳಗೆ ಸವೆದು ಒಣಗಿದ ಸಾಬೂನಿನ ಚೂರು ಗಾಢ ಬಣ್ಣದ ಬಟ್ಟೆಗೆ ಬಹಳ ಒಳ್ಳೆಯದು. ಬಿಳಿಯ ಸಣ್ಣ ಗೆರೆ ಬೀಳುತ್ತದೆ, ನೀರು ಕಂಡರೆ ಹೋಗುತ್ತದೆ, ಕಾಸಿನ ಖರ್ಚಿಲ್ಲ. ಆದರೆ ಕೆನೆ, ಎಣ್ಣೆ ಹೆಚ್ಚಾಗಿರುವ ಮೈಸಾಬೂನು ಬೇಡ. ಅದು ಜಿಡ್ಡಿನ ಕಲೆ ಉಳಿಸಬಹುದು.

ಬಳಪವನ್ನು ನಾವು ಮರೆತೇಬಿಟ್ಟಿದ್ದೇವೆ. ಪಾಟಿಯ ಮೇಲೆ ಬರೆಯುತ್ತಿದ್ದ ಅದೇ ಮೆತು ಕಲ್ಲು. ಚಾಲುಕ್ಯರ ಕಾಲದ ಶಿಲ್ಪಿಗಳು ಹಾನಗಲ್ಲಿನ ತಾರಕೇಶ್ವರ ಗುಡಿಯ ಛತ್ತಿನಲ್ಲಿ ಕಮಲ ಬಿಡಿಸಿದ್ದು ಈ ಜಾತಿಯ ಕಲ್ಲಿನಲ್ಲೇ. ಇದರಲ್ಲಿ ಬಣ್ಣವಿಲ್ಲ, ಮೇಣವಿಲ್ಲ. ತುದಿಯನ್ನು ಕಲ್ಲಿಗೆ ತಿಕ್ಕಿ ಚೂಪು ಮಾಡಿಕೊಂಡರೆ ಸೀಮೆಸುಣ್ಣಕ್ಕಿಂತ ಸಣ್ಣ ಗೆರೆ ಬರುತ್ತದೆ, ಅದರಷ್ಟು ಬೇಗ ಉದುರುವುದೂ ಇಲ್ಲ. ಗಾಢ ಬಣ್ಣದ ಕೌದಿಗೆ ಇದನ್ನೇ ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳಬಹುದೆಂದು ನನ್ನ ಅಭಿಪ್ರಾಯ.

ಉದ್ದನೆಯ ನೇರ ಸಾಲುಗಳಿಗೆ ಬಡಿಗೇರರ ದಾರದ ಉಪಾಯ ಸಾಕು. ಬಿಳಿ ರಂಗೋಲಿ ಪುಡಿಯನ್ನು ದಾರಕ್ಕೆ ಸವರಿ, ಇಬ್ಬರು ಎರಡು ತುದಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ಏಳಡಿಯ ಗೆರೆ ಒಂದೇ ಏಟಿಗೆ ಬೀಳುತ್ತದೆ. ಕೌದಿಯ ಮೇಲೆ ಕುಳಿತೇ ಹೊಲಿಯುವ ರೂಢಿಯಿರುವುದರಿಂದ ಪುಡಿಯ ಗೆರೆ ಸೀರೆಯ ಉಜ್ಜಿಗೆ ಬೇಗ ಅಳಿಯುತ್ತದೆ. ಆದ್ದರಿಂದ ಒಂದು ದಿನಕ್ಕೆ ಹೊಲಿಯುವಷ್ಟನ್ನೇ ಗುರುತು ಮಾಡಬೇಕು. ಇಡೀ ಕೌದಿಗೆ ಒಮ್ಮೆಲೇ ಗೆರೆ ಬೇಕೆಂದರೆ ತಿಳಿ ಬಣ್ಣದ ದಾರದಿಂದ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಕಡೆಗೆ ಎಳೆದು ತೆಗೆಯುವುದು ಮೇಲು. ಕೆಂಪು, ಕಪ್ಪು ದಾರ ಬೇಡ, ಬಣ್ಣ ಬಿಟ್ಟೀತು.

ಬಣ್ಣದ ರಂಗೋಲಿ, ಕೆಮ್ಮಣ್ಣು, ಇದ್ದಿಲು, ಕುಂಕುಮ, ಅರಿಷಿಣ ಇವುಗಳನ್ನು ಕೌದಿಯ ಹತ್ತಿರ ತರಲೇಬಾರದು. ಅರಿಷಿಣದ ಗೆರೆ ಸಾಬೂನಿನ ಕ್ಷಾರ ತಗಲಿದಾಗ ಕೆಂಪಗಾಗುತ್ತದೆ. ಅದನ್ನು ನೋಡಿ ಗಾಬರಿಯಾಗಿ ಮತ್ತಷ್ಟು ಸಾಬೂನು ಹಚ್ಚಿದರೆ ಮತ್ತಷ್ಟು ಕೆಂಪಾಗುತ್ತದೆ.

ಅಂಗಡಿಯಲ್ಲಿ ಕೊಳ್ಳುವವು

ದರ್ಜಿಗಳ ಚಾಕು ಎಂದು ಮಾರುವ ತೆಳ್ಳನೆಯ ಬಿಲ್ಲೆಗಳಲ್ಲಿ ಎರಡು ಜಾತಿ ಇವೆ. ಮಣ್ಣಿನಂಥದು ಉಗುರಿನಿಂದ ಕೆರೆದರೆ ಪುಡಿಯಾಗುತ್ತದೆ, ಬ್ರಷ್ ಆಡಿಸಿದರೆ ಬಟ್ಟೆಯಿಂದ ಹೋಗುತ್ತದೆ. ಮೇಣದ್ದು ಕೆರೆದರೆ ಸುರುಳಿಯಾಗಿ ಏಳುತ್ತದೆ, ಇಸ್ತ್ರಿ ತಗಲಿದರೆ ಕರಗಿ ಹತ್ತಿಯೊಳಗೆ ಇಳಿದು ಜಿಡ್ಡಿನ ಗುರುತು ಉಳಿಸುತ್ತದೆ. ಮಣ್ಣಿನದನ್ನೇ ಕೇಳಿ ತರಬೇಕು. ಅದರಲ್ಲಿಯೂ ಬಿಳಿಯದೇ ಒಳ್ಳೆಯದು.

ತಿಳಿ ಬಣ್ಣದ ಬಟ್ಟೆಗೆ ಬಿಳಿ ಗೆರೆ ಕಾಣುವುದಿಲ್ಲವಾದ್ದರಿಂದ ಹಲವರು ಶಾಲೆಯ ಮಕ್ಕಳ ಪೆನ್ಸಿಲ್ ತೆಗೆದುಕೊಳ್ಳುತ್ತಾರೆ. ಪೆನ್ಸಿಲಿನ ಗ್ರಾಫೈಟ್ ನೀರಿನಲ್ಲಿ ಕರಗುವ ವಸ್ತುವಲ್ಲ. ಅನಿವಾರ್ಯವಾದರೆ ಗಟ್ಟಿ ಸೀಸದ ಪೆನ್ಸಿಲನ್ನು ಚೂಪು ಮಾಡಿ, ಕಂಡೂ ಕಾಣದಷ್ಟು ಹಗುರಾಗಿ ಎಳೆದು, ಹೊಲಿಗೆ ಅದರ ಮೇಲೆಯೇ ಬರುವಂತೆ ನೋಡಿಕೊಳ್ಳಬೇಕು. ಮೆತು ಸೀಸದ ಕರಿ ದಾರಕ್ಕೂ ಹತ್ತುತ್ತದೆ. ಬಾಲ್ ಪೆನ್ನು, ಟೈಪಿಂಗ್ ಕಾರ್ಬನ್ ಹಾಳೆಗಳ ಬಗ್ಗೆ ಹೇಳುವುದೇ ಬೇಡ.

ಈಚಿನ ದಿನಗಳಲ್ಲಿ ಮಾಯವಾಗುವ ಮಸಿಯ ಪೆನ್ನುಗಳು ಬಂದಿವೆ. ಇವುಗಳ ಗುಣ ತಿಳಿಯದೆ ಬಳಸಿ ಕೈಸುಟ್ಟುಕೊಳ್ಳುವವರು ಹೆಚ್ಚು. ನೀರಿಗೆ ಹೋಗುವ ನೀಲಿ ಪೆನ್ನು ತಿಳಿ ಬಟ್ಟೆಗೆ ಒಳ್ಳೆಯದೇ. ಆದರೆ ಗೆರೆಯ ಮೇಲೆ ಇಸ್ತ್ರಿ ಮಾಡಿದರೆ ಅದು ಕಾಯಂ ಆಗುತ್ತದೆ. ಸಾಬೂನಿನ ಪುಡಿ ಹಾಕಿದ ನೀರಿನಲ್ಲಿ ನೇರವಾಗಿ ಅದ್ದಿದರೂ ಕ್ಷಾರದಿಂದ ಗೆರೆ ಕಂದು ಬಣ್ಣವಾಗಿ ಉಳಿಯಬಹುದು. ಮೊದಲು ಬರೀ ತಣ್ಣೀರಿನಲ್ಲಿ ಪೂರ್ತಿ ಮುಳುಗಿಸಿ, ಎರಡು ಮೂರು ಸಲ ನೀರು ಬದಲಿಸಿ, ಗೆರೆ ಹೋದ ಮೇಲೆಯೇ ಸಾಬೂನು ಹಾಕಬೇಕು. ಒದ್ದೆ ಬಟ್ಟೆಯಿಂದ ಮೇಲೆ ಮೇಲೆ ಒರೆಸಿದರೆ ಮಸಿ ಒಳಪದರಕ್ಕೆ ಇಳಿದು, ಒಣಗಿದಾಗ ಮತ್ತೆ ಮೇಲೆ ಬರುತ್ತದೆ. ಐದಾರು ಪದರದ ಕೌದಿಯಲ್ಲಿ ಇದು ಇನ್ನೂ ಹೆಚ್ಚು.

ಗಾಳಿಗೆ ತಾನಾಗಿಯೇ ಮಾಯವಾಗುವ ನೇರಳೆ ಪೆನ್ನು ಕೌದಿಗೆ ಉಪಯೋಗವಿಲ್ಲ. ಅದರ ಗೆರೆ ಒಂದೆರಡು ದಿನ ಉಳಿದರೆ ಹೆಚ್ಚು. ಗಾಳಿಯಲ್ಲಿ ತೇವ ಇದ್ದಷ್ಟೂ ಬೇಗ ಹೋಗುತ್ತದೆ. ಹಾನಗಲ್ಲಿನ ಮಳೆಗಾಲದಲ್ಲಿ ಬೆಳಿಗ್ಗೆ ಹಾಕಿದ್ದನ್ನು ಸಂಜೆ ಹುಡುಕಬೇಕಾದೀತು. ಇಸ್ತ್ರಿಯ ಕಾವಿಗೆ ಹೋಗುವ ಪೆನ್ನು ಸುಮಾರು ೬೦ ಡಿಗ್ರಿ ಸೆಂಟಿಗ್ರೇಡ್ ಕಾವಿಗೆ ಮಾಯವಾಗುತ್ತದೆ, ನಿಜ. ಆದರೆ ಮಸಿ ಬಟ್ಟೆಯಲ್ಲೇ ಉಳಿದಿರುತ್ತದೆ. ಶೂನ್ಯಕ್ಕಿಂತ ಹತ್ತು ಡಿಗ್ರಿ ಮತ್ತೂ ಕೆಳಗಿನ ಚಳಿಯಲ್ಲಿ ಗೆರೆ ತಿರುಗಿ ಕಾಣಿಸಿಕೊಳ್ಳುತ್ತದೆ. ನಮ್ಮ ಸೀಮೆಯಲ್ಲಿ ಅಂಥ ಚಳಿ ಇಲ್ಲ. ಹಿಮ ಬೀಳುವ ದೇಶಕ್ಕೆ ಹೋಗುವ ಕೌದಿಯಾದರೆ ಈ ಪೆನ್ನು ಮುಟ್ಟದಿರುವುದೇ ಕ್ಷೇಮ. ಗಾಢ ಬಣ್ಣದ ಬಟ್ಟೆಯಲ್ಲಿ ಇದು ಬಿಳಿಚಿದ ಗೆರೆ ಉಳಿಸುವುದೂ ಉಂಟು.

ಚಿತ್ರ ಇಳಿಸುವ ಬಗೆ

ಹೂವು, ಬಳ್ಳಿ, ಅಕ್ಷರಗಳಿಗೆ ಚುಚ್ಚಿದ ಕಾಗದದ ಕ್ರಮವೇ ಅನುಕೂಲ. ಗಟ್ಟಿ ಟ್ರೇಸಿಂಗ್ ಕಾಗದದ ಮೇಲೆ ಚಿತ್ರ ಬರೆದು, ಗೆರೆಯ ಗುಂಟ ಸೂಜಿಯಿಂದ ಒತ್ತೊತ್ತಾಗಿ ತೂತು ಮಾಡಬೇಕು. ಕಾಗದವನ್ನು ಬಟ್ಟೆಯ ಮೇಲೆ ಅಲುಗದಂತೆ ಇಟ್ಟು, ತೆಳು ಅರಿವೆಯಲ್ಲಿ ಕಟ್ಟಿದ ಬಿಳಿ ರಂಗೋಲಿ ಪುಡಿಯ ಗಂಟಿನಿಂದ ಮೆಲ್ಲಗೆ ತಟ್ಟಿದರೆ ಚುಕ್ಕೆ ಚುಕ್ಕೆಯಾಗಿ ಚಿತ್ರ ಇಳಿಯುತ್ತದೆ. ಕಾಗದ ಎತ್ತಿ, ಚುಕ್ಕೆಗಳನ್ನು ಬಳಪದಿಂದ ಕೂಡಿಸಿಕೊಳ್ಳಬೇಕು. ಕೆಲವರು ಪುಡಿಯನ್ನು ಸೀಮೆಎಣ್ಣೆಯಲ್ಲಿ ಕಲಸಿ ಒರೆಸುತ್ತಾರೆ. ಕೌದಿಗೆ ಅದು ಸಲ್ಲದು. ಪದರಗಳಲ್ಲಿ ವಾಸನೆ ನಿಲ್ಲುತ್ತದೆ, ಒಲೆಯ ಬಳಿ ಬೆಂಕಿಯ ಭಯವೂ ಇದೆ. ಬಟ್ಟೆಗೆ ಹಾಕುವ ದ್ರವ ನೀಲಿಯನ್ನೂ ಗೆರೆಗೆ ಬಳಸಬಾರದು, ಅದು ಬಣ್ಣವೇ.

ವೃತ್ತಕ್ಕೆ ಬಳೆಗಿಂತ ಒಳ್ಳೆಯ ಸಾಧನ ಬೇಕಿಲ್ಲ. ಎರಡು-ಎಂಟರ ಬಳೆಯ ಒಳ ಅಡ್ಡಳತೆ ಎರಡೂವರೆ ಇಂಚು. ಒಳಗಿನಿಂದ ಗೆರೆ ಎಳೆದರೆ ೫ ಅಡಿ ಅಗಲಕ್ಕೆ ಸರಿಯಾಗಿ ೨೪ ವೃತ್ತಗಳು ಕೂಡುತ್ತವೆ. ಬೇರೆ ಅಳತೆಯ ಬಳೆಯಾದರೆ ಮೊದಲೇ ಭಾಗಿಸಿ ನೋಡಬೇಕು. ಇಲ್ಲದಿದ್ದರೆ ಕೊನೆಯ ವೃತ್ತ ಅರ್ಧಕ್ಕೆ ನಿಲ್ಲುತ್ತದೆ. ಎಲೆ, ಮಾವಿನಕಾಯಿಗಳಿಗೆ ಹಳೆಯ ಎಕ್ಸ್-ರೇ ಹಾಳೆ ಕತ್ತರಿಸಿ ನಮೂನೆ ಮಾಡಿಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಚಿತ್ರವನ್ನು ಯಾವಾಗಲೂ ಪದರಗಳನ್ನು ಹಾಸಿ, ಕಚ್ಚಾ ಹೊಲಿಗೆಯಿಂದ ಹಿಡಿಸಿದ ಮೇಲೆಯೇ ಇಳಿಸಬೇಕು. ಮುಂಚೆಯೇ ಇಳಿಸಿದರೆ ಹೊಲಿಯುತ್ತ ಹೋದಂತೆ ಮೇಲಿನ ಬಟ್ಟೆ ಸರಿದು ಕಮಲದ ಎಸಳು ಡೊಂಕಾಗುತ್ತದೆ.

ದೀಪಾವಳಿಯ ಹೋರಿ ಹಬ್ಬಕ್ಕೆ ಹೊಲಿಸುವ ಝೂಲಗಳಿಗೂ ಇದೇ ಕ್ರಮ ಸಲ್ಲುತ್ತದೆ. ಹೋರಿಯ ಹೆಸರಿನ ಅಕ್ಷರಗಳನ್ನು ಚುಚ್ಚಿದ ಕಾಗದದಿಂದ ಒಮ್ಮೆ ಇಳಿಸಿ, ಎರಡನೆಯ ಮಗ್ಗುಲಿಗೂ ಅದೇ ಕಾಗದ ಬಳಸಬಹುದು. ಕಾಗದವನ್ನು ಮಗುಚಿ ಇಟ್ಟರೆ ಅಕ್ಷರ ತಿರುಗುಮುರುಗಾಗುತ್ತವೆ. ಆದ್ದರಿಂದ ಮೇಲ್ಮೈ ಯಾವುದೆಂದು ಮೂಲೆಯಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು. ಝೂಲದ ಬಟ್ಟೆ ಮಿರುಗುವ ಜಾತಿಯದಾದರೆ ನೀರು ತಗಲಿದಲ್ಲಿ ಕಲೆಯಾಗುವ ಸಂಭವವಿದೆ. ಅಲ್ಲಿ ನೀರಿಗೆ ಹೋಗುವ ಪೆನ್ನು ಬಿಟ್ಟು, ಮಣ್ಣಿನ ಚಾಕಿನಿಂದ ಗೆರೆ ಹಾಕಿ, ಹೊಲಿದಾದ ಮೇಲೆ ಒಣ ಬ್ರಷ್ಷಿನಿಂದ ಝಾಡಿಸಬೇಕು.