ಗಾಜಿನ ದೀಪ ಮೈಸೂರಿಗೆ ಬಂದ ಬಗೆ

ವಿದೇಶದಿಂದ ಬರುವಾಗ ಒಡೆಯುವ ಸಾಮಾನು ತರಬೇಡಿ ಎಂದು ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ತಂದರೆ ಸಾಲದೇ ಅನ್ನುತ್ತಾರೆ. ಇಸ್ತಾಂಬುಲ್‌ಗೆ ಹೋಗಿ ಮ್ಯಾಗ್ನೆಟ್ ಹಿಡಿದುಕೊಂಡು ವಾಪಸ್ ಬರುವುದು ನನ್ನಿಂದಾಗಲಿಲ್ಲ. ಆ ಊರಿನಲ್ಲಿ ಕಣ್ಣಿಗೆ ಬೀಳುವ ಚೆಂದದ್ದೆಲ್ಲ ಒಡೆಯುವಂಥದ್ದೇ: ನಡು ಸಣ್ಣಗಿರುವ ಚಹಾ ಲೋಟ ಮತ್ತದರ ಸಾಸರ್, ಕುತಾಹ್ಯ ಊರಿನ ಚಿತ್ತಾರದ ತಟ್ಟೆ, ಬಣ್ಣದ ಗಾಜಿನ ಚೂರು ಅಂಟಿಸಿದ ಮೊಸಾಯಿಕ್ ದೀಪ. ಮೂರನ್ನೂ ತಂದೆ. ಒಂದು ಸಾಸರ್ ಬಿಟ್ಟು ಮಿಕ್ಕಿದ್ದೆಲ್ಲ ಸುಸೂತ್ರವಾಗಿ ಮನೆ ಸೇರಿತು.

ದೀಪ ಕೊಂಡದ್ದು ಗ್ರ್ಯಾಂಡ್ ಬಜಾರಿನಲ್ಲಿ. ಇಂಡಿಯಾದವರೆಂದು ತಿಳಿದೊಡನೆ ಅಂಗಡಿಯವನು ಶಾರುಖ್ ಖಾನ್ ಹೆಸರು ತೆಗೆದ, ಅದು ಅಲ್ಲಿ ಮಾಮೂಲು. ಚೌಕಾಸಿ ಮುಗಿದ ಮೇಲೆ ಅವನು ಮೊದಲು ಮಾಡಿದ ಕೆಲಸವೆಂದರೆ ದೀಪವನ್ನು ಬಿಚ್ಚಿದ್ದು. ಗಾಜಿನ ಗೋಳ ಬೇರೆ, ಲೋಹದ ಮುಚ್ಚಳ ಬೇರೆ, ಸರಪಳಿ ಬೇರೆ, ವೈರು ಬೇರೆ. ಗೋಳದ ಮೈಮೇಲೆ ಹೆಬ್ಬೆರಳು ಆಡಿಸಿ ಸಡಿಲವಾದ ಚೂರು ಇದೆಯೇ ಎಂದು ನೋಡಿದ. ನನ್ನ ಕೈಗೂ ಕೊಟ್ಟ. ಈ ದೀಪಗಳಲ್ಲಿ ಒಳಗಿನ ಗೋಳ ಒಡೆಯುವುದಕ್ಕಿಂತ ಮೇಲಿನ ಚೂರು, ಮಣಿ ಉದುರುವುದೇ ಹೆಚ್ಚು. ಆಮೇಲೆ ಬಬಲ್ ರ್ಯಾಪಿನ ಗುಳ್ಳೆ ಒಳಮುಖವಾಗಿರುವಂತೆ ಸುತ್ತಿದ, ಸುತ್ತಿದ, ಟೇಪು ಬಿಗಿದ. ಕಡೆಗೆ ಆ ಪೊಟ್ಟಣವನ್ನು ನನ್ನ ಎದುರೇ ನೆಲಕ್ಕೆ ಎಸೆದ! ನನ್ನ ಜೀವ ಬಾಯಿಗೆ ಬಂತು. ಅದು ಅವನ ದಿನನಿತ್ಯದ ಆಟವಿರಬೇಕು, ನಗುತ್ತಾ ಎತ್ತಿ ಕೊಟ್ಟ.

ಆಟ ಚೆನ್ನಾಗಿತ್ತು. ಆದರೂ ಅಂದು ರಾತ್ರಿ ಹೋಟೆಲಿನಲ್ಲಿ ಕೂತು ಆ ಟೇಪನ್ನೆಲ್ಲ ಕತ್ತರಿಸಿದೆ. ಕಾರಣ ಇಸ್ತಾಂಬುಲ್ ವಿಮಾನ ನಿಲ್ದಾಣ. ಅಲ್ಲಿ ಬಾಗಿಲಲ್ಲೇ ಒಮ್ಮೆ ತಪಾಸಣೆ, ಗೇಟಿಗೆ ಹೋಗುವ ಮುಂಚೆ ಇನ್ನೊಮ್ಮೆ. ನಮ್ಮದು ಗಲ್ಫ್ ದಾರಿಯ ವಿಮಾನ, ಅಲ್ಲಿಯೂ ಒಂದು. ಯಾರಾದರೂ ಸಿಬ್ಬಂದಿ ಬಿಚ್ಚಿ ತೋರಿಸಿ ಎಂದರೆ ಟೇಪಿನ ಉಂಡೆಗೆ ಅವರು ಚಾಕು ಹಾಕುತ್ತಾರೆ, ಮತ್ತೆ ಕಟ್ಟಿಕೊಡಲು ಅಂಗಡಿಯವನು ಅಲ್ಲಿರುವುದಿಲ್ಲ. ಹಾಗಾಗಿ ಬಬಲ್ ರ್ಯಾಪನ್ನು ಒಂದೇ ಸುತ್ತು ಉಳಿಸಿ, ಅದರ ಮೇಲೆ ಟವೆಲ್ಲು, ಅದಕ್ಕೊಂದು ದಾರದ ಗಂಟು. ಬಿಚ್ಚಲು ಅರೆನಿಮಿಷ, ಕಟ್ಟಲೂ ಅಷ್ಟೇ. ವೈರು, ಸರಪಳಿಗಳನ್ನು ಚೆಕ್‌ಇನ್ ಬ್ಯಾಗಿಗೆ ಹಾಕಿದೆ. ಎಕ್ಸ್‌ರೇಯಲ್ಲಿ ಅನುಮಾನ ಹುಟ್ಟಿಸುವುದು ಗಾಜಲ್ಲ, ಸುರುಳಿ ಸುತ್ತಿದ ತಂತಿ. ಗೋಳ ಮಾತ್ರ ಬೆನ್ನಿನ ಚೀಲದಲ್ಲಿ ಬಂತು, ಕಾಲಬುಡದಲ್ಲಿ ಕೂತು.

ಎಲ್ಲವನ್ನೂ ಕೈಚೀಲದಲ್ಲಿ ತರಲಾಗದು, 7 ಕೆಜಿಯ ಲೆಕ್ಕವಿದೆಯಲ್ಲ. ನೀರು ತುಂಬಿದ ಸ್ನೋ ಗ್ಲೋಬ್ ಕೊಂಡವರಿಗೆ 100 ಮಿಲಿಲೀಟರ್ ದ್ರವದ ನಿಯಮವೂ ಅಡ್ಡ ಬರುತ್ತದೆ. ತಟ್ಟೆ ಮತ್ತು ಲೋಟ ಸೂಟ್‌ಕೇಸಿಗೇ ಹೋಗಬೇಕಾಯಿತು.

ಇಲ್ಲಿ ನನ್ನ ಕೈ ಹಿಡಿದದ್ದು ನಮ್ಮ ಅತ್ತೆಯ ಟ್ರಂಕು. ದಸರೆ ಗೊಂಬೆ ಕೂರಿಸುವ ಮನೆಯಲ್ಲಿ ಇದು ಹೊಸ ವಿದ್ಯೆಯೇನಲ್ಲ. ಹಬ್ಬ ಮುಗಿದು ಮಣ್ಣಿನ ಗೊಂಬೆಗಳನ್ನು ಟ್ರಂಕಿಗೆ ಸೇರಿಸುವಾಗ ಅತ್ತೆ ಹಳೇ ಪಂಚೆ ಹರಿದು ಪಟ್ಟಿ ಮಾಡಿಕೊಳ್ಳುತ್ತಾರೆ. ಮೊದಲು ಕೃಷ್ಣನ ಕೊಳಲು, ಚಾಚಿದ ಕೈ, ಕಿರೀಟದ ತುದಿ. ಅದಾದ ಮೇಲೆಯೇ ಮೈಗೆ ಬಟ್ಟೆ. “ಮೂಗು, ಬೆರಳು ಮೊದಲು ನೋಡ್ಕೋಬೇಕಮ್ಮ, ಹೊಟ್ಟೆ ತಾನಾಗೇ ಉಳಿಯತ್ತೆ” ಅನ್ನುತ್ತಾರೆ. ಒಂದು ಗೊಂಬೆ ಇನ್ನೊಂದಕ್ಕೆ ತಾಗಬಾರದು, ನಡುವೆ ಖಾಲಿ ಜಾಗವೂ ಇರಬಾರದು. ಟ್ರಂಕಿನ ಮುಚ್ಚಳ ಹಾಕಿ ಒಮ್ಮೆ ಅಲ್ಲಾಡಿಸಿ ಕಿವಿಗೊಡುತ್ತಾರೆ. ಸದ್ದು ಬಂದರೆ ಮತ್ತೆ ಬಿಚ್ಚು.

ಅದನ್ನೇ ಮಾಡಿದೆ. ಲೋಟದೊಳಗೆ ಕಾಲುಚೀಲ ತುರುಕಿ, ಬಾಯಂಚಿಗೆ ಬಟ್ಟೆ ಸುತ್ತಿ, ಆಮೇಲೆ ಪೂರ್ತಿ ಸುತ್ತಿದೆ. ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಿದರೆ ಮೇಲಿನ ಭಾರವೆಲ್ಲ ತಳದ ತಟ್ಟೆಯ ನಡುವಿಗೆ ಬೀಳುತ್ತದೆ. ಅಂಚಿನ ಮೇಲೆ ನಿಲ್ಲಿಸಿದರೆ ಹೆಚ್ಚು ತಾಳುತ್ತವೆ. ಆದರೆ ಸೂಟ್‌ಕೇಸಿನಲ್ಲಿ ನಿಲ್ಲಿಸುವುದೆಂದರೆ ಯಾವ ಕಡೆಗೆ? ನಾವು ಅದನ್ನು ಮಲಗಿಸಿ ತುಂಬುತ್ತೇವೆ, ಅದು ಊರೂರು ಸುತ್ತುವುದು ಚಕ್ರದ ಮೇಲೆ ನಿಂತು. ಚಕ್ರದ ಕಡೆಯೇ ತಳ ಎಂದು ಲೆಕ್ಕ ಹಾಕಿ ಶೂ, ಪುಸ್ತಕದಂಥ ಭಾರದ್ದನ್ನು ಅಲ್ಲಿಟ್ಟೆ. ಇಲ್ಲದಿದ್ದರೆ ಸೂಟ್‌ಕೇಸ್ ಎತ್ತಿ ನಿಲ್ಲಿಸಿದ ಕೂಡಲೇ ಶೂಗಳೆಲ್ಲ ಜಾರಿ ತಟ್ಟೆಯ ಮೇಲೆ ಕೂರುತ್ತವೆ. ಗಟ್ಟಿ ಕವಚದ ಸೂಟ್‌ಕೇಸ್ ಇದೆಯೆಂದು ನಿಶ್ಚಿಂತರಾಗುವವರನ್ನೂ ಕಂಡಿದ್ದೇನೆ. ಗೋಡೆಗೆ ಒತ್ತಿ ಇಟ್ಟ ತಟ್ಟೆಗೆ ಹೊರಗಿನ ಏಟು ನೇರವಾಗಿ ತಾಗುತ್ತದೆ. ಕವಚ ಎಷ್ಟು ಗಟ್ಟಿಯಾದರೂ ನಾಲ್ಕು ಬೆರಳಿನಷ್ಟು ಬಟ್ಟೆ ಸುತ್ತ ಬೇಕೇ ಬೇಕು.

ತಟ್ಟೆಯ ಬಿಲ್ಲನ್ನು ಪಾಸ್‌ಪೋರ್ಟ್ ಜೊತೆ ಇಟ್ಟುಕೊಂಡೆ. ನಮ್ಮ ಕಸ್ಟಮ್ಸ್‌ನವರಿಗಂತೂ ಬೇಕು, ಅದಕ್ಕಿಂತ ಮೊದಲು ಟರ್ಕಿಯಿಂದ ಹೊರಡುವಾಗಲೇ ಬೇಕಾಗಬಹುದು. ಹಳೆಯ ಕಲಾವಸ್ತು ದೇಶ ಬಿಡದಂತೆ 1983ರ ಕಾನೂನು ಅಲ್ಲಿ ಬಿಗಿಯಾಗಿದೆ. ಕುತಾಹ್ಯ, ಇಜ್ನಿಕ್ ಊರುಗಳ ಈ ಬಣ್ಣದ ಪಿಂಗಾಣಿ ಕೆಲಸಕ್ಕೆ 2016ರಲ್ಲಿ ಯುನೆಸ್ಕೊ ಪಟ್ಟಿಯಲ್ಲಿ ಜಾಗ ಸಿಕ್ಕಿದೆ, ಹೊಸದನ್ನು ಎಷ್ಟು ಬೇಕಾದರೂ ಕೊಳ್ಳಬಹುದು. “ಇದು ಆಟೋಮನ್ ಕಾಲದ ಟೈಲು” ಎಂದು ಯಾರಾದರೂ ಪರದೆಯ ಹಿಂದಿನಿಂದ ತೆಗೆದು ತೋರಿಸಿದರೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ. ಸುಳ್ಳಾದರೆ ದುಡ್ಡು ಹೋಯಿತು, ನಿಜವಾದರೆ ಜೈಲು.

ಚೆಕ್‌ಇನ್ ಕೌಂಟರಿನಲ್ಲಿ ಒಡೆದ ಲೋಟದ ಚಿತ್ರವಿರುವ ‘ಫ್ರ್ಯಾಜೈಲ್’ ಚೀಟಿ ಕೇಳಿದರೆ ಅಂಟಿಸಿಕೊಡುತ್ತಾರೆ. ನನಗೆ ಅದರ ಮೇಲೆ ಅಷ್ಟು ಭರವಸೆಯಿಲ್ಲ. ಚೀಟಿ ಇರುವ ಪೆಟ್ಟಿಗೆಯೂ ಅದೇ ಬೆಲ್ಟಿನ ಮೇಲೆ, ಅದೇ ತಿರುವಿನಲ್ಲಿ ಉರುಳುತ್ತದೆ. ಕೆಲವೊಮ್ಮೆ ಜೊತೆಗೆ ‘ಲಿಮಿಟೆಡ್ ರಿಲೀಸ್’ ಎಂಬ ಟ್ಯಾಗಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಒಡೆದರೆ ನಮ್ಮ ಹೊಣೆಯಲ್ಲ ಎಂಬುದೇ ಅದರ ಸಾರ, ಓದಿ ಸಹಿ ಹಾಕಿ.

ಬೆಂಗಳೂರಿನಲ್ಲಿ ಸೂಟ್‌ಕೇಸ್ ಬೆಲ್ಟಿನ ಮೇಲೆ ಬಂದಾಗ ಒಂದು ಮೂಲೆ ಒಳಕ್ಕೆ ತಗ್ಗಿತ್ತು. ಜೊತೆಗಿದ್ದ ಭಾವ “ಮನೇಲಿ ನೋಡೋಣ ನಡಿಯಮ್ಮ, ಮೈಸೂರು ಬಸ್ ತಪ್ಪತ್ತೆ” ಅಂದರು. ನಾನು ಅಲ್ಲೇ ಟ್ರಾಲಿ ಪಕ್ಕ ಕೂತು ಬಿಚ್ಚಿದೆ. ಆ ಮೂಲೆಯ ಸಾಸರ್ ಎರಡು ಹೋಳು. ಫೋಟೋ ತೆಗೆದು, ನಿಲ್ದಾಣ ಬಿಡುವ ಮುಂಚೆಯೇ ವಿಮಾನ ಕಂಪನಿಯ ಕೌಂಟರಿನಲ್ಲಿ ದೂರು ಬರೆಸಿ ನಕಲು ಪಡೆದೆ. ಭಾರತವೂ ಸೇರಿರುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಚೆಕ್‌ಇನ್ ಸಾಮಾನು ಹಾಳಾಗಿದ್ದರೆ ಕೈಗೆ ಬಂದ 7 ದಿನದೊಳಗೆ ಲಿಖಿತ ದೂರು ಕೊಡಬೇಕು. ಆಮೇಲೆ ಎಷ್ಟು ಕೂಗಿದರೂ ಕೇಳುವವರಿಲ್ಲ. ವಸ್ತುವಿನ ಸ್ವಂತ ದೋಷದಿಂದ ಆದ ಹಾನಿ ತಮ್ಮ ಹೊಣೆಯಲ್ಲ ಎನ್ನಲು ಅದೇ ಒಪ್ಪಂದ ಕಂಪನಿಗೂ ದಾರಿ ಬಿಟ್ಟಿದೆ. ನನ್ನ ವಿಷಯದಲ್ಲಿ ಸೂಟ್‌ಕೇಸ್ ರಿಪೇರಿ ಖರ್ಚು ಕೊಟ್ಟರು, ಸಾಸರಿಗೆ ಇಲ್ಲ ಎಂದು ಕೈಯಾಡಿಸಿದರು. ಐದು ಸಾಸರ್, ಆರು ಲೋಟ. ನೆಂಟರು ಐದು ಜನ ಬಂದ ದಿನ ನಾನು ಸಾಸರ್ ಇಲ್ಲದೆ ಕುಡಿಯುತ್ತೇನೆ.

ದೀಪ ತೂಗುಹಾಕುವುದು ಇನ್ನೊಂದು ಕಥೆ. ಟರ್ಕಿಯ ಕರೆಂಟು ನಮ್ಮಂತೆಯೇ 230 ವೋಲ್ಟ್, ಆದ್ದರಿಂದ ಭಯವಿಲ್ಲ. ಹೋಲ್ಡರ್ ಮಾತ್ರ ತಿರುಗಿಸಿ ಕೂರಿಸುವ ಸಣ್ಣ ಸೈಜಿನದು, ನಮ್ಮ ಮನೆಯ ಪಿನ್ ಬಲ್ಬು ಕೂರುವುದಿಲ್ಲ. ಸಣ್ಣ ಎಲ್‌ಇಡಿ ತಂದೆ. ಗಾಜಿನ ಚೂರುಗಳು ನಿಂತಿರುವುದು ಅಂಟಿನ ಮೇಲಾದ್ದರಿಂದ ಬಿಸಿಯಾಗುವ ಬಲ್ಬು ಬೇಡ. ಎಲೆಕ್ಟ್ರಿಷಿಯನ್ ಹುಡುಗ ಏಣಿ ಹಾಕಿ ಸೀಲಿಂಗ್ ತಟ್ಟಿ ನೋಡಿದ. “ಅಕ್ಕಾ, ಇಲ್ಲಿ ಹುಕ್ಕಿಗೆ ಡ್ರಿಲ್ ಹಾಕ್ಬೇಕು. ಅದು ಮುಗಿಯೋವರೆಗೂ ದೀಪ ಬಿಚ್ಚಬೇಡಿ, ಟವೆಲ್ ಒಳಗೇ ಇರಲಿ, ಆ ರೂಮಲ್ಲಿಡಿ” ಅಂದ.